ತೊಟ್ಟಿ ಇರುವ ಹಳೇ ಮನೆಯಲ್ಲಿ ಹೋಟೆಲ್: 'ಋತುಗಳು' ಥೀಮ್ ಮಳೆಗಾಲ ತಡೆಯುತ್ತಾ?

ತುಂಗಾದಂಡೆ (ಪ್ರಶ್ನೆ):

ತೀರ್ಥಹಳ್ಳಿ ಸುತ್ತಿನ ಹಳೇ ಹೆಂಚಿನ ಮನೆಯೊಂದನ್ನು ಊಟ-ತಿಂಡಿಯ ಹೋಟೆಲ್ ಮಾಡುವ ಕೆಲಸ ನಡೆದಿದೆ. ಒಟ್ಟು 1,400 ಚದರ ಅಡಿ. ಅಡುಗೆಮನೆ, ಉಗ್ರಾಣ, ಪಾತ್ರೆ ತೊಳೆಯುವ ಜಾಗಕ್ಕೆ 500 ಹೋದರೆ ಗಿರಾಕಿಗಳಿಗೆ 900 ಉಳಿಯುತ್ತದೆ. ನಡುವೆ 6×8 ಅಡಿಯ ತೊಟ್ಟಿ (ಆಕಾಶಕ್ಕೆ ತೆರೆದ ತಗ್ಗಿನ ಒಳಅಂಗಳ) ಇದೆ. ಹಿಂದೆ ಇದ್ದವರು ಅದರ ಮೇಲೆ ಫೈಬರ್ ಶೀಟ್ ಹೊದಿಸಿ ಮುಚ್ಚಿದ್ದಾರೆ. ಎಸಿ ಹಾಕುವ ಯೋಚನೆ ಇಲ್ಲ.

ಥೀಮ್ 'ಪ್ರಕೃತಿ ಮತ್ತು ಋತುಗಳು'. ಡಿಸೈನರ್ ಕೊಟ್ಟ ಡ್ರಾಯಿಂಗ್ ಹೀಗಿದೆ: ತೊಟ್ಟಿಯೊಳಗೆ ಒಂಬತ್ತು ಅಡಿಯ ಪ್ಲಾಸ್ಟಿಕ್ ಚೆರ್ರಿ ಹೂವಿನ ಮರ, ಒಂದು ಗೋಡೆಗೆ ಕೆಂಪು ಮೇಪಲ್ ಎಲೆಗಳ ವಾಲ್‌ಪೇಪರ್, ಎದುರಿಗೆ 8×8 ಅಡಿ ಜೀವಂತ ಹಸಿರು ಗೋಡೆ, ಉಳಿದ ಗೋಡೆಗಳಿಗೆ ಎಲೆಹಸಿರು ಬಣ್ಣ, ಹೆಂಚು ಕಾಣದ ಹಾಗೆ ಬಿದಿರಿನ ಸೀಲಿಂಗ್, ಕಡಪ ಕಲ್ಲಿನ ಟೇಬಲ್. ಇದು ಬೇಡ ಅಂದರೆ ಆರು ಋತುವಿಗೆ ಆರು ಮೂಲೆ ಅಂತ ಇನ್ನೊಂದು ಆಯ್ಕೆ.

ಯಾವುದು ಮಲೆನಾಡಿನ ಮಳೆಗೆ ನಿಲ್ಲುತ್ತೆ, ಯಾವುದು ನಿಲ್ಲಲ್ಲ? ಎಷ್ಟು ಸೀಟು ಹಿಡಿಸಬಹುದು? ಅಳತೆ ಸಮೇತ ಹೇಳಿದರೆ ಉಪಕಾರ.

———

ಜಂತೆಮನೆ:

ಋತು ತೋರಿಸಲು ಐದಾರು ಸಾಮಾನು ತಂದಿದ್ದಾರೆ, ಋತು ತಾನಾಗಿ ಒಳಗೆ ಬರುವ ಒಂದೇ ಜಾಗಕ್ಕೆ ಮಾತ್ರ ಶೀಟ್ ಮುಚ್ಚಿ ಪ್ಲಾಸ್ಟಿಕ್ ಮರ ನಿಲ್ಲಿಸಿದ್ದಾರೆ. ಮೊದಲು ಆ ಶೀಟ್ ತೆಗೆಸಿ. ಮಳೆ ಜೋರಾದಾಗ ಫೈಬರ್ ಶೀಟ್ ತಮಟೆ ಬಡಿದಂತೆ ಬಡಿಯುತ್ತದೆ, ಎದುರು ಕೂತವರ ಮಾತೂ ಕೇಳುವುದಿಲ್ಲ. ಹೆಂಚಿನ ಮೇಲೆ ಬಿದ್ದು ತೊಟ್ಟಿಗೆ ಇಳಿಯುವ ಮಳೆಯ ಸದ್ದೇ ಬೇರೆ.

ಋತುವಿನ ಮೇಲೆ ಇಡೀ ಹೋಟೆಲ್ ಕಟ್ಟಿದ ಹೆಸರಾಂತ ಉದಾಹರಣೆ ನ್ಯೂಯಾರ್ಕಿನ 'ಫೋರ್ ಸೀಸನ್ಸ್'. 1959ರಲ್ಲಿ ಸೀಗ್ರಾಂ ಕಟ್ಟಡದಲ್ಲಿ ಶುರುವಾಯಿತು, ಒಳಾಂಗಣ ಫಿಲಿಪ್ ಜಾನ್ಸನ್ ಅವರದು. 2016ರವರೆಗೆ ಅದೇ ಜಾಗದಲ್ಲಿತ್ತು. ಅಲ್ಲಿ ನೆಲ, ಗೋಡೆ ಋತುವಿಗೆ ತಕ್ಕಂತೆ ಬದಲಾಗುತ್ತಿರಲಿಲ್ಲ. ಊಟದ ಹಾಲಿನ ನಡುವೆ 20 ಅಡಿ ಚೌಕದ ಬಿಳಿ ಅಮೃತಶಿಲೆಯ ಕೊಳ, ಅದರ ಮೂಲೆಗಳಲ್ಲಿ ಮರಗಳು. ಬದಲಾಗುತ್ತಿದ್ದದ್ದು ಆ ಮರಗಳು, ಜೊತೆಗೆ ಮೆನು ಮತ್ತು ಬಡಿಸುವವರ ಸಮವಸ್ತ್ರ. ಕಿಟಕಿಗೆ ಇಳಿಬಿಟ್ಟ ಲೋಹದ ಸರಪಳಿ ಪರದೆ ಕೆಳಗಿನಿಂದ ಏಳುವ ಗಾಳಿಗೆ ನೀರಿನ ಅಲೆಯಂತೆ ಆಡುತ್ತಿತ್ತು. ಗಮನಿಸಿ, ಗೋಡೆಗೆ ಎಲೆಯ ಚಿತ್ರ ಅಂಟಿಸಿ ಋತು ತೋರಿಸಲಿಲ್ಲ. ನಡುವೆ ಒಂದು ಜಾಗ ಬದಲಾಗುತ್ತದೆ, ಸುತ್ತಲಿನದು ಸುಮ್ಮನಿರುತ್ತದೆ. ನಿಮ್ಮ ತೊಟ್ಟಿ ಅದೇ ಕೊಳದ ಕೆಲಸ ಮಾಡುತ್ತದೆ, ಅದೂ ಬಿಟ್ಟಿಯಾಗಿ.

ನಾಲ್ಕು ಋತು ಅಲ್ಲಿನ ಲೆಕ್ಕ. ಆರು ಋತು ಪಂಚಾಂಗದ ಲೆಕ್ಕ. ವರ್ಷ ಋತು ಅಂದರೆ ಶ್ರಾವಣ-ಭಾದ್ರಪದ. ತೀರ್ಥಹಳ್ಳಿಯಲ್ಲಿ ಅಷ್ಟು ಹೊತ್ತಿಗೆ ಗದ್ದೆ ನಾಟಿಯೇ ಮುಗಿಯುತ್ತ ಬಂದಿರುತ್ತದೆ. ಜನ ಬದುಕುವುದು ಬೇಸಿಗೆ, ಮಳೆಗಾಲ, ಚಳಿಗಾಲ ಅನ್ನೋ ಮೂರೇ ಕಾಲದಲ್ಲಿ. ಹಾಗಾಗಿ ವರ್ಷಕ್ಕೆ ಮೂರು ಸಲ ಬದಲಾವಣೆ ಸಾಕು: ಶಿವರಾತ್ರಿಗೆ ಒಂದು, ಮೃಗಶಿರಾ ಮಳೆ ಹುಟ್ಟುವ ಜೂನ್ ಮೊದಲ ವಾರ ಒಂದು, ದೀಪಾವಳಿಗೆ ಒಂದು. ಆರು ಮೂಲೆ ಮಾಡಿದರೆ ವಸಂತದ ಮೂಲೆ ತುಂಬಿ ಶಿಶಿರದ ಮೂಲೆ ಖಾಲಿ ಹೊಡೆಯುತ್ತದೆ, ಹೊರಗೆ ಜಡಿಮಳೆ ಸುರಿಯುವಾಗ ಒಳಗೆ 'ಗ್ರೀಷ್ಮ' ಅಂತ ಬೋರ್ಡು ನೋಡುತ್ತ ಕೂರಬೇಕು.

ಮೇಪಲ್ ವಾಲ್‌ಪೇಪರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಳೇ ಗೋಡೆಗೆ ಮಳೆಗಾಲದಲ್ಲಿ ತೇವ ಏರುತ್ತದೆ, ಕಾಗದದ ಹಿಂದೆ ಬೂಷ್ಟು ಹಿಡಿದು ಅಂಚು ಬಿಡುತ್ತದೆ. ಸುಣ್ಣದ ಗಾರೆ ಮೇಲೆ ಸುಣ್ಣವನ್ನೇ ಬಳಿಯಿರಿ, ತೇವ ಹೊರಗೆ ಹೋಗಲು ದಾರಿ ಇರುತ್ತದೆ.

———

ಹೆಂಚು-ರೀಪು:

ತೊಟ್ಟಿ ತೆರೆಯಿರಿ ಅನ್ನೋದು ಸುಲಭ. ಯಾಕೆ ಮುಚ್ಚಿದ್ದರು ಅಂತ ನೋಡದೆ ತೆರೆದರೆ ಮೊದಲ ಮಳೆಗೇ ಗೊತ್ತಾಗುತ್ತದೆ. ಸಾಮಾನ್ಯವಾಗಿ ಕಾರಣ ಮೂರು: ನೀರು ಹೋಗುವ ಕಂಡಿ ಕಟ್ಟಿರುತ್ತದೆ, ಮೂಲೆ ದಂಬೆ (ಎರಡು ಇಳಿಜಾರು ಚಾವಣಿ ಸೇರುವಲ್ಲಿ ನೀರು ಹರಿಸುವ ತಗಡು) ತೂತು ಬಿದ್ದಿರುತ್ತದೆ, ಇಲ್ಲವೇ ಇರಚಲು ಜಗಲಿವರೆಗೂ ಹೊಡೆಯುತ್ತಿರುತ್ತದೆ.

ನೀರಿನ ಲೆಕ್ಕ. ತೊಟ್ಟಿಗೆ ಇಳಿಯುವ ನಾಲ್ಕೂ ಮಾಡು (ಇಳಿಜಾರು ಚಾವಣಿ) ಸೇರಿ ಸುಮಾರು 400 ಚದರ ಅಡಿ, ಅಂದರೆ 37 ಚದರ ಮೀಟರ್ ಅಂತ ಇಟ್ಟುಕೊಳ್ಳಿ. ಗಂಟೆಗೆ 100 ಮಿ.ಮೀ. ರಭಸದ ಮಳೆ ಬಂದರೆ 3,700 ಲೀಟರ್, ಸೆಕೆಂಡಿಗೆ ಒಂದು ಲೀಟರ್. 110 ಮಿ.ಮೀ. ಪಿವಿಸಿ ಪೈಪ್ ಇದಕ್ಕೆ ಧಾರಾಳ. ಪೈಪು ಸೋಲುವುದು ಅಳತೆಯಿಂದಲ್ಲ, ಬಾಯಿಗೆ ಎಲೆ ಕಟ್ಟಿ. ಅದಕ್ಕೆ ಎದುರುಬದುರು ಮೂಲೆಯಲ್ಲಿ ಎರಡು ಕಂಡಿ ಇಡಿ, ಎರಡನೆಯದರ ಬಾಯಿ ತೊಟ್ಟಿ ನೆಲದಿಂದ ಮೂರು ಇಂಚು ಮೇಲಿರಲಿ. ಮೊದಲನೆಯದು ಕಟ್ಟಿದ್ದು ಗೊತ್ತಾಗುವುದೇ ಅದರಲ್ಲಿ ನೀರು ಹರಿಯಲು ಶುರುವಾದಾಗ. ತೊಟ್ಟಿಯ ನೆಲ ಊಟದ ನೆಲಕ್ಕಿಂತ ಒಂದು ಅಡಿ ತಗ್ಗು ಇರಬೇಕು. ಹಿಂದಿನವರು ಟೈಲ್ಸ್ ಹಾಕುವಾಗ ಆ ತಗ್ಗನ್ನು ತುಂಬಿಸಿದ್ದರೆ ಅಗೆದು ತೆಗೆಸಿ, ಬೇರೆ ದಾರಿ ಇಲ್ಲ.

ಮೂಲೆ ದಂಬೆಯ ತಗಡು ಕನಿಷ್ಠ ಒಂದು ಅಡಿ ಅಗಲ ಬೇಕು. ತುಕ್ಕು ಹಿಡಿದಿದ್ದರೆ ಪೂರ್ತಿ ಬದಲಿಸಿ, ತೇಪೆ ಒಂದು ಮಳೆಗಾಲ ಬಂದರೆ ಹೆಚ್ಚು.

ಇರಚಲು. ಸೂರಿನಿಂದ ಬಿದ್ದ ನೀರು ಕಲ್ಲಿಗೆ ಹೊಡೆದು ಒಂದೂವರೆಯಿಂದ ಎರಡು ಅಡಿ ಸಿಡಿಯುತ್ತದೆ. ತೊಟ್ಟಿಯ ಸುತ್ತ ಮೂರು ಅಡಿ ಬಿಟ್ಟೇ ಟೇಬಲ್ ಇಡಿ. ಆ ಪಟ್ಟಿಗೆ ಪಾಲಿಶ್ ಕಲ್ಲು, ವಿಟ್ರಿಫೈಡ್ ಟೈಲ್ಸ್ ಯಾವುದೂ ಬೇಡ. ಉಳಿ ಹೊಡೆದ ಗ್ರಾನೈಟ್ ಹಾಕಿ, 80 ಇಂಚಿಗೆ ಒಂದು ಇಂಚು ತೊಟ್ಟಿ ಕಡೆಗೆ ವಾಟ ಕೊಡಿ. ಬಿಸಿ ಸಾಂಬಾರಿನ ಬಕೆಟ್ ಹಿಡಿದು ಓಡಾಡುವ ಹುಡುಗರು ಅದರ ಮೇಲೇ ನಡೆಯಬೇಕು, ನೆನಪಿರಲಿ.

ಸೀಟಿನ ಲೆಕ್ಕವೂ ಇಲ್ಲೇ ಬರುತ್ತದೆ. ತೊಟ್ಟಿ ಮತ್ತು ಸುತ್ತಲಿನ ಪಟ್ಟಿ ಸೇರಿ 12×14, ಅಂದರೆ 168 ಚದರ ಅಡಿ. ಕೈ ತೊಳೆಯುವ ಜಾಗ, ಕ್ಯಾಶ್, ಬಾಗಿಲ ಬಳಿ ಸೇರಿ ಇನ್ನೊಂದು 100. ಉಳಿದ 632ಕ್ಕೆ ತಲೆಗೆ 15 ಚದರ ಅಡಿಯಂತೆ 42 ಸೀಟು. ಪಟ್ಟಿಯೇ ಮುಖ್ಯ ಓಡಾಟದ ದಾರಿ ಆಗುವುದರಿಂದ ಆ ಜಾಗ ದಂಡ ಅಲ್ಲ. 50 ಸೀಟು ಅಂತ ಯಾರಾದರೂ ಡ್ರಾಯಿಂಗ್ ತೋರಿಸಿದರೆ ಕುರ್ಚಿ ಹಿಂದಕ್ಕೆ ಎಳೆದಾಗ ಎಷ್ಟು ಜಾಗ ಉಳಿಯುತ್ತೆ ಅಂತ ಅಳೆಸಿ. 36 ಇಂಚಿಗಿಂತ ಕಮ್ಮಿ ಇದ್ದರೆ ಬಡಿಸಲು ಆಗುವುದಿಲ್ಲ.

ಕೋತಿ ಕಾಟಕ್ಕೆ ಮೇಲೆ ಒಂದು ಇಂಚು ಕಣ್ಣಿನ ಸ್ಟೀಲ್ ಜಾಲರಿ. ಇನ್ನೂ ಸಣ್ಣ ಕಣ್ಣು ಹಾಕಿದರೆ ಎಲೆ ಕೂತು ಮಳೆನೀರು ಒಂದೇ ಕಡೆ ಧಾರೆಯಾಗಿ ಸುರಿಯುತ್ತದೆ.

ಕೊನೆಯದು, ಬಹಳ ಜನ ಮರೆಯುವುದು. ತೊಟ್ಟಿ ತೆರೆದ ಕೂಡಲೇ ಮನೆಯ ಗಾಳಿಯ ಓಟ ಬದಲಾಗುತ್ತದೆ, ಬಿಸಿಗಾಳಿ ಅಲ್ಲಿಂದ ಮೇಲೇಳುತ್ತದೆ. ಅಡುಗೆಮನೆಯ ಎಗ್ಸಾಸ್ಟ್ ಸೋತರೆ ಒಗ್ಗರಣೆ ಹೊಗೆ ಊಟದ ಹಾಲ್ ದಾಟಿಯೇ ತೊಟ್ಟಿಗೆ ಬರುತ್ತದೆ. ಅಡುಗೆಮನೆಗೆ ಫ್ಯಾನಿನಿಂದ ಬಿಡುವ ಗಾಳಿ ಎಗ್ಸಾಸ್ಟ್ ಹೊರಗೆ ಎಳೆಯುವ ಗಾಳಿಯ ಶೇ. 80–85 ಇದ್ದರೆ ಗಾಳಿ ಹಾಲಿನಿಂದ ಅಡುಗೆಮನೆಗೆ ಹೋಗುತ್ತದೆ, ಅಲ್ಲಿಂದ ಇಲ್ಲಿಗೆ ಬರುವುದಿಲ್ಲ. ಪರೀಕ್ಷೆಗೆ ಒಂದು ಊದುಬತ್ತಿ ಸಾಕು: ಅಡುಗೆಮನೆ ಬಾಗಿಲಲ್ಲಿ ಹಿಡಿಯಿರಿ, ಹೊಗೆ ಒಳಗೆ ವಾಲಬೇಕು.

———

ಕುಂಡದ ಮಣ್ಣು:

ಹಸಿರು ಗೋಡೆ ಬೇಡ. ಕಾರಣ ಹೇಳುತ್ತೇನೆ.

8×8 ಅಡಿ ಅಂದರೆ ಆರು ಚದರ ಮೀಟರ್. ನೀರು ಕುಡಿದಾಗ ಚದರ ಮೀಟರಿಗೆ 50 ಕೆ.ಜಿ. ಹಿಡಿದರೂ 300 ಕೆ.ಜಿ. ಹಳೇ ಮಣ್ಣಿನ ಗೋಡೆ ಆದರೆ ಅದಕ್ಕೆ ಮೊಳೆ ಹೊಡೆಯುವ ಹಾಗಿಲ್ಲ, ನೆಲದಿಂದಲೇ ಕಬ್ಬಿಣದ ಫ್ರೇಮ್ ನಿಲ್ಲಿಸಬೇಕು. ಹನಿ ಪೈಪು ಮೇಲಿನಿಂದ ಬರುವುದರಿಂದ ನೀರೆಲ್ಲ ಕೆಳಗಿಳಿದು ಮೇಲಿನ ಸಾಲು ಒಣಗುತ್ತದೆ, ಕೆಳಗಿನ ಸಾಲು ಕೊಳೆಯುತ್ತದೆ. ಬೋರ್‌ವೆಲ್ ನೀರು ಗಡಸಾಗಿದ್ದರೆ ಹನಿಬಾಯಿ ಸುಣ್ಣ ಕಟ್ಟಿ ನಿಲ್ಲುತ್ತದೆ, ಒಂದು ಬಾಯಿ ಕಟ್ಟಿದ್ದು ಅದರ ಕೆಳಗಿನ ಗಿಡ ಸತ್ತ ಮೇಲೇ ಗೊತ್ತಾಗುವುದು. ಇದೆಲ್ಲ ಸಹಿಸಬಹುದು. ಸದಾ ಒದ್ದೆ ಇರುವ ಆ ಮಣ್ಣಿನಲ್ಲಿ ಕಪ್ಪು ನುಸಿ ಹುಟ್ಟುತ್ತದೆ ನೋಡಿ, ಅದನ್ನು ಹೋಟೆಲ್ ಸಹಿಸಲಾರದು. ಎರಡು ಮಿ.ಮೀ. ಹುಳ, ಕಚ್ಚುವುದಿಲ್ಲ, ಆದರೆ ಮಜ್ಜಿಗೆ ಲೋಟಕ್ಕೆ ನೇರ ಇಳಿಯುತ್ತದೆ.

ಪ್ಲಾಸ್ಟಿಕ್ ಮರದ ಕತೆ ಇನ್ನೊಂದು. ದೋಸೆ ಕಾವಲಿಯಿಂದ ಏಳುವ ಎಣ್ಣೆಯ ಸಣ್ಣ ಹನಿ ದಳದ ಮೇಲೆ ಕೂತು, ಅದರ ಮೇಲೆ ಹೆದ್ದಾರಿಯ ಧೂಳು ಕೂತು ಅಂಟು ಪದರ ಆಗುತ್ತದೆ. ದಳ ಬಟ್ಟೆಯದಾದರೆ ತೊಳೆದಾಗ ಬಣ್ಣ ಬಿಡುತ್ತದೆ, ತೊಳೆಯದಿದ್ದರೆ ಜಿರಳೆಗೆ ಮನೆ.

ಗಿಡ ಇಡುವ ಮುನ್ನ ಬೆಳಕು ಅಳೆಯಿರಿ. ಫೋನಿನ ಲಕ್ಸ್ ಮೀಟರ್ ಆ್ಯಪ್ ಅಂದಾಜಿಗೆ ಸಾಕು, ಮಧ್ಯಾಹ್ನ ಹನ್ನೆರಡಕ್ಕೆ ಒಮ್ಮೆ, ನಾಲ್ಕಕ್ಕೆ ಒಮ್ಮೆ. 100 ಲಕ್ಸ್ ಕೆಳಗೆ ಯಾವ ಗಿಡವೂ ಬಾಳುವುದಿಲ್ಲ. 200–300 ಇದ್ದರೆ ಸ್ನೇಕ್ ಪ್ಲಾಂಟ್, ಝೀಝೀ ಗಿಡ. 500 ದಾಟಿದರೆ ಪೀಸ್ ಲಿಲ್ಲಿ, ಮನಿ ಪ್ಲಾಂಟ್. ಜರಿಗಿಡ, ಕೆಸು ತೊಟ್ಟಿಯ ಅಂಚಿಗೇ ಸರಿ. ಕೆಸುವಿನ ದಂಟು ಮುರಿದರೆ ಸೊನೆ ತುರಿಸುತ್ತದೆ, ಮಕ್ಕಳ ಕೈಗೆ ಸಿಗದಂತೆ ಒಳಭಾಗದಲ್ಲಿಡಿ.

ಮುಖ್ಯ ಗುಟ್ಟು ಎರಡು ಜೊತೆ ಕುಂಡ. ಎಂಟು ಕುಂಡ ಒಳಗೆ, ಎಂಟು ಹಿತ್ತಲ ನೆರಳಿನಲ್ಲಿ. ಹದಿನೈದು-ಇಪ್ಪತ್ತು ದಿನಕ್ಕೊಮ್ಮೆ ಅದಲುಬದಲು. ಒಳಗಿರುವಾಗ ಗಿಡ ಬೆಳೆಯುವುದಿಲ್ಲ, ಇದ್ದ ಶಕ್ತಿಯಲ್ಲಿ ಕಾಲ ಹಾಕುತ್ತದೆ, ಹಿತ್ತಲಲ್ಲಿ ಚೇತರಿಸಿಕೊಳ್ಳುತ್ತದೆ. 12 ಇಂಚಿನ ಪ್ಲಾಸ್ಟಿಕ್ ಕುಂಡವನ್ನು ಮಣ್ಣಿನ ಹೊರಕುಂಡದೊಳಗೆ ಇಳಿಸಿದರೆ ಎತ್ತಿಡಲು ಹಗುರ. ಹೊರಕುಂಡದ ತಳದಲ್ಲಿ ನಿಂತ ನೀರನ್ನು ವಾರಕ್ಕೊಮ್ಮೆ ಚೆಲ್ಲಲೇಬೇಕು, ಸೊಳ್ಳೆ ಮೊಟ್ಟೆಯಿಂದ ರೆಕ್ಕೆಗೆ ಬರಲು ಏಳೆಂಟು ದಿನ ಸಾಕು.

ತೊಟ್ಟಿಯಲ್ಲಿ ಏನು ಬದಲಿಸುವುದು? ಬೇಸಿಗೆಗೆ ಮಲ್ಲಿಗೆ. ಅದಕ್ಕೆ ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕು, ತೊಟ್ಟಿಗೆ ಬೀಳುವುದು ನಡುಹಗಲ ಬಿಸಿಲು ಮಾತ್ರ. ಆದ್ದರಿಂದ ಮೊಗ್ಗು ತುಂಬಿದ ವಾರ ಒಳಗೆ ತಂದು, ಹೂ ಮುಗಿದ ಕೂಡಲೇ ಹೊರಗೆ. ಮಳೆಗಾಲಕ್ಕೆ ಕೆಸು, ಜರಿಗಿಡ. ಏನೂ ಮಾಡುವುದು ಬೇಡ, ಅವೇ ತೊಟ್ಟಿ ತುಂಬುತ್ತವೆ. ಸೀತಾಳೆ (ಮರದ ಮೇಲೆ ಬೆಳೆಯುವ ಆರ್ಕಿಡ್) ಬೇಕೆನಿಸಿದರೆ ನರ್ಸರಿಯಲ್ಲಿ ಬೆಳೆಸಿದ್ದನ್ನೇ ಕೊಳ್ಳಿ, ಕಾಡಿನ ಮರದಿಂದ ಕಿತ್ತು ತರಬೇಡಿ. ಚಳಿಗಾಲಕ್ಕೆ ಸೇವಂತಿಗೆ. ಇದರಲ್ಲಿ ಒಂದು ಪೇಚಿದೆ: ಸೇವಂತಿಗೆ ಮೊಗ್ಗು ಕಟ್ಟುವುದು ರಾತ್ರಿ ಉದ್ದವಾದಾಗ. ಹತ್ತು ಗಂಟೆವರೆಗೆ ದೀಪ ಉರಿಯುವ ಹೋಟೆಲಿನಲ್ಲಿ ಎಳೇ ಗಿಡ ಇಟ್ಟರೆ ಅದಕ್ಕೆ ರಾತ್ರಿ ಆಗುವುದೇ ಇಲ್ಲ, ಸೊಪ್ಪು ಬಿಟ್ಟುಕೊಂಡು ಕೂರುತ್ತದೆ. ಮೊಗ್ಗು ಬಣ್ಣ ತೋರಿಸಿದ ಮೇಲೆ ಒಳಗೆ ತನ್ನಿ.

———

ತುಂಗಾದಂಡೆ:

ಎಲ್ಲರಿಗೂ ಧನ್ಯವಾದ. ಮರ, ಹಸಿರು ಗೋಡೆ, ವಾಲ್‌ಪೇಪರ್ ಮೂರೂ ಕೈಬಿಟ್ಟಾಯಿತು. ಬಿದಿರು ಮತ್ತು ಕಡಪ ಟೇಬಲ್ ಬಗ್ಗೆ? ಬಿದಿರಿಗೆ ವಾರ್ನಿಷ್ ಹೊಡೆದರೆ ಸಾಕು ಅನ್ನುತ್ತಾರೆ. ಹಸಿರು ಬಣ್ಣದ ವಿಷಯವೂ ಯಾರೂ ಹೇಳಿಲ್ಲ.

———

ಹೆಂಚು-ರೀಪು:

ವಾರ್ನಿಷ್ ಹೊರಗಿನ ಹೊಳಪಿಗೆ. ಕುಟ್ಟೆ ಹುಳ ತಿನ್ನುವುದು ಒಳಗಿನ ಪಿಷ್ಟ. ಆರು ತಿಂಗಳಲ್ಲಿ ಟೇಬಲ್ ಮೇಲೆ ಹಳದಿ ಹಿಟ್ಟು ಉದುರಲು ಶುರುವಾದರೆ ಅದೇ ಕಾರಣ.

ಸೀಲಿಂಗ್ ಪೂರ್ತಿ ಬಿಡಿ. ರೀಪು, ಪಕಾಸು (ಹೆಂಚು ಹೊರುವ ಮರದ ಪಟ್ಟಿಗಳು), ಹೆಂಚಿನ ಅಡಿ ಕಾಣುವುದೇ ಚೆಂದ, ಅದನ್ನು ಮುಚ್ಚಿದರೆ ನಡುವಿನ ಸಂದು ಇಲಿಗೆ ಕೊಟ್ಟ ಹಾಗೆ. ಬಿದಿರನ್ನು ಇರಚಲು ತಡೆಯುವ ಸುರುಳಿ ಪರದೆಗೆ ಬಳಸಿ. ಸೀಳಿದ ಬಿದಿರಿಗೆ ಮದ್ದು: 100 ಲೀಟರ್ ನೀರಿಗೆ ಬೋರಿಕ್ ಆಸಿಡ್ 2.4 ಕೆ.ಜಿ., ಬೋರಾಕ್ಸ್ 3.6 ಕೆ.ಜಿ. ಬಿಸಿನೀರಿನಲ್ಲಿ ಬೇಗ ಕರಗುತ್ತದೆ. ಒಂದು ವಾರ ಮುಳುಗಿಸಿ, ನೆರಳಿನಲ್ಲಿ ಒಣಗಿಸಿ. ಇಡೀ ಗಳ ಆದರೆ ಗಿಣ್ಣುಗಳನ್ನು ಸರಳಿನಿಂದ ತೂತು ಮಾಡಿ ಎರಡು ವಾರ ಮುಳುಗಿಸಿ, ಇಲ್ಲದಿದ್ದರೆ ಮದ್ದು ಒಳಗೆ ಹೋಗುವುದಿಲ್ಲ. ಈ ಮದ್ದು ನೀರಿಗೆ ತೊಳೆದುಹೋಗುತ್ತದೆ, ಹಾಗಾಗಿ ಪರದೆ ಸೂರಿನ ಒಳಗೆ ಇರಬೇಕು, ಮೇಲೆ ಎಣ್ಣೆ ಅಥವಾ ಪಾಲಿಶ್ ಲೇಪ ಬೇಕು. ನೇರ ಮಳೆ ಬೀಳುವ ಮಗ್ಗುಲಿಗೆ ಬಿದಿರು ಬೇಡವೇ ಬೇಡ.

ಹೆಂಚಿನ ಮಾಡಿಗೆ ಸ್ವಲ್ಪ ಗಾಜಿನ ಹೆಂಚು ಸೇರಿಸಿ. ನೂರು ಚದರ ಅಡಿಗೆ ಸುಮಾರು 140 ಹೆಂಚು ಕೂರುತ್ತವೆ, ಅದರಲ್ಲಿ ಎರಡು ಗಾಜಿನವು ಸಾಕು. ಉತ್ತರದ ಮಾಡಿಗೆ ಹಾಕಿ. ಪಶ್ಚಿಮಕ್ಕೆ ಹಾಕಿದರೆ ಸಂಜೆ ನಾಲ್ಕರ ಬಿಸಿಲು ಕಾಫಿ ಕುಡಿಯುವವರ ಕಣ್ಣಿಗೇ ಬೀಳುತ್ತದೆ. ಹಳೇ ಹೆಂಚಿನ ಅಚ್ಚು ಕಾರ್ಖಾನೆಯಿಂದ ಕಾರ್ಖಾನೆಗೆ ಬೇರೆ, ಒಂದು ಹಳೇ ಹೆಂಚು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ. ತೋಡು ಕೂರದಿದ್ದರೆ ಆ ಸಂದೇ ಸೋರುತ್ತದೆ.

ಕಡಪ ಸುಣ್ಣದ ಜಾತಿಯ ಕಲ್ಲು. ಹುಳಿ ಬಿದ್ದಲ್ಲಿ ಕರಗುತ್ತದೆ. ನಿಂಬೆಹೋಳು, ಸಾರು, ಉಪ್ಪಿನಕಾಯಿ ರಸ ಐದು ನಿಮಿಷ ನಿಂತರೆ ಬಿಳಿ ಕಲೆ. ಅದು ಕೊಳೆ ಅಲ್ಲ, ಪಾಲಿಶ್ ತಿಂದುಹೋದ ಗುರುತು. ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಶಹಾಬಾದ್ ಕಲ್ಲಿಗೂ ಇದೇ ರೋಗ. ಟೇಬಲ್ಲಿಗೆ ಗ್ರಾನೈಟ್ ಹಾಕಿ, ಹೊಳಪು ಬೇಡವಾದರೆ ಲೆದರ್ ಫಿನಿಶ್ ಸಿಗುತ್ತದೆ. 18 ಮಿ.ಮೀ. ದಪ್ಪದ 2×4 ಅಡಿ ಹಲಗೆ 36 ಕೆ.ಜಿ. ಆಸುಪಾಸು ತೂಗುತ್ತದೆ, ಕಾಲು ಕಬ್ಬಿಣದ್ದೇ ಇರಲಿ. ಕಲ್ಲು ತಣ್ಣಗೆ ಅನಿಸಿದರೆ ಹಲಸಿನ ಹಲಗೆಗೆ ಪಿಯು (ಪಾಲಿಯುರೆಥೇನ್) ಕೋಟಿಂಗ್. ಹೊಸದರಲ್ಲಿ ಹಳದಿ, ವರ್ಷ ಕಳೆದಂತೆ ಕೆಂಪುಗಂದು ಬಣ್ಣಕ್ಕೆ ತಿರುಗುತ್ತದೆ. ಕೌಂಟರ್, ಬೀರುಗಳಿಗೆ ಐಎಸ್ 710 ಗುರುತಿನ (ನೀರು ತಡೆಯುವ ಮೆರೈನ್) ಪ್ಲೈವುಡ್ ಮಾತ್ರ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಮೊದಲ ಆಷಾಢಕ್ಕೇ ಅಂಚು ಉಬ್ಬುತ್ತದೆ.

———

ಸಂಜೆದೀಪ:

ಹಸಿರು ಬಣ್ಣಕ್ಕೆ ಉತ್ತರ: ಗೋಡೆಯ ಬಣ್ಣ ಗೋಡೆಯಲ್ಲೇ ಉಳಿಯುವುದಿಲ್ಲ. ಬೆಳಕು ಅದಕ್ಕೆ ತಾಗಿ ಹಸಿರಾಗಿ ತಟ್ಟೆಗೆ ಬರುತ್ತದೆ. ಅನ್ನ ಹಳಸಿದಂತೆ, ಎದುರು ಕೂತವರು ಕಾಮಾಲೆ ರೋಗಿಯಂತೆ ಕಾಣುತ್ತಾರೆ. ಹಸಿರು ಗಿಡದಲ್ಲಿರಲಿ, ಗೋಡೆಗೆ ಸುಣ್ಣದ ಬಿಳಿ ಅಥವಾ ತುಸು ಕಾವಿ ಬೆರೆತ ಬಿಳಿ, ನೆಲದಿಂದ ಮೂರು ಅಡಿವರೆಗೆ ಕೆಮ್ಮಣ್ಣು ಬಣ್ಣ. ಕುರ್ಚಿ ಉಜ್ಜಿದ ಗುರುತೂ ಅದರಲ್ಲಿ ಮುಚ್ಚಿಹೋಗುತ್ತದೆ.

ದೀಪಕ್ಕೆ 2700 ಕೆಲ್ವಿನ್ (ಬೆಚ್ಚನೆಯ ಹಳದಿ ಬೆಳಕು), ಸಿಆರ್‌ಐ (ಬಣ್ಣ ಎಷ್ಟು ಸಹಜವಾಗಿ ಕಾಣುತ್ತದೆ ಅನ್ನೋದಕ್ಕೆ ನೂರರ ಲೆಕ್ಕದ ಅಂಕ) 90ಕ್ಕೆ ಮೇಲೆ. ಸಿಆರ್‌ಐ ಕಮ್ಮಿ ಇದ್ದರೆ ಕೆಂಪು ಬಣ್ಣ ಸಾಯುತ್ತದೆ, ಟೊಮೆಟೊ ಸಾರೂ ಬೇಳೆ ಸಾರೂ ಒಂದೇ ಥರ ಕಾಣುತ್ತವೆ. ಟೇಬಲ್ ಮೇಲೆ 150–200 ಲಕ್ಸ್ ಸಾಕು. ತೂಗುದೀಪ ಟೇಬಲ್ಲಿನಿಂದ 30–34 ಇಂಚು ಮೇಲೆ. ಹೆಣೆದ ಬಿದಿರಿನ ಬುಟ್ಟಿಯೊಳಗೆ ಫಿಲಮೆಂಟ್ ಬಲ್ಬ್ ಹಾಕುವ ಚಾಳಿ ಈಗ ಎಲ್ಲ ಕಡೆ ಇದೆ. ಬೆಳಕಿನ ಎಳೆ ಸಣ್ಣದಾದ್ದರಿಂದ ನೆರಳು ಚೂಪಾಗಿ ದೋಸೆ ಮೇಲೆ ಬಲೆ ಹಾಸಿದಂತೆ ಬೀಳುತ್ತದೆ. ಹಾಲುಬಣ್ಣದ ದೊಡ್ಡ ಬಲ್ಬ್ ಹಾಕಿದರೆ ನೆರಳು ಮೆತ್ತಗಾಗುತ್ತದೆ.

ವೈರಿಂಗ್ ಮಾಡುವಾಗಲೇ ಮೂರು ಸರ್ಕ್ಯೂಟ್ ಬೇರೆ ಮಾಡಿಸಿ: ಟೇಬಲ್ ದೀಪ, ಗೋಡೆ ದೀಪ, ತೊಟ್ಟಿ ಸುತ್ತಿನ ದೀಪ. ಬೇಸಿಗೆಯಲ್ಲಿ ಸಂಜೆ ಆರೂವರೆವರೆಗೆ ತೊಟ್ಟಿಯ ಬೆಳಕೇ ಸಾಕು. ಜುಲೈಯಲ್ಲಿ ಮೂರು ಗಂಟೆಗೇ ಕತ್ತಲೆ, ಆಗ ಗೋಡೆ ದೀಪವೂ ಬೇಕು. ತೊಟ್ಟಿ ಸರ್ಕ್ಯೂಟ್ ಪ್ರತ್ಯೇಕ ಇರಬೇಕಾದ ಇನ್ನೊಂದು ಕಾರಣ ಮಳೆಹುಳ. ಮೊದಲ ಮಳೆ ಬಿದ್ದ ಸಂಜೆ ರೆಕ್ಕೆ ಗೆದ್ದಲು ಸಾವಿರಗಟ್ಟಲೆ ಬೆಳಕಿಗೆ ಮುತ್ತುತ್ತವೆ, ತೆರೆದ ತೊಟ್ಟಿ ಅಂದರೆ ನೇರ ಸಾಂಬಾರಿಗೆ. ಅವತ್ತು ತೊಟ್ಟಿ ದೀಪ ಆರಿಸಿ, ಹಿತ್ತಲಲ್ಲಿ ಒಂದು ಪ್ರಖರ ಬಿಳಿ ಬಲ್ಬ್ ಹಾಕಿ. ಒಂದು ಗಂಟೆಯಲ್ಲಿ ಹಾವಳಿ ಮುಗಿಯುತ್ತದೆ.

———

ಜಂತೆಮನೆ:

ಸೇರಿಸುವುದು ಎರಡೇ. ಹಳೇ ಮನೆಯಲ್ಲಿ ದೀಪದ ಗೂಡು ಇರುತ್ತದೆ, ಅದನ್ನು ಮುಚ್ಚಬೇಡಿ. ಜಪಾನಿನ ಮನೆಗಳಲ್ಲಿ ತೊಕೊನೊಮಾ ಅಂತ ಒಂದು ಗೂಡು ಇಟ್ಟು ಅಲ್ಲಿನ ಚಿತ್ರ, ಹೂವನ್ನು ಮಾತ್ರ ಕಾಲಕ್ಕೆ ತಕ್ಕಂತೆ ಬದಲಿಸುತ್ತಾರೆ. ಇಲ್ಲಿ ಬೇಸಿಗೆಗೆ ಒಂದು ಹೂಜಿ, ಮಳೆಗಾಲಕ್ಕೆ ಮಡಿಸಿದ ಕಂಬಳಿ ಇಟ್ಟರೆ ಆಯಿತು. ಪಕ್ಕದಲ್ಲಿ ವಿವರಣೆಯ ಬೋರ್ಡು ಹಾಕಬೇಡಿ, ದಯವಿಟ್ಟು.

ಇನ್ನೊಂದು, ಬೇಸಿಗೆಯ ಲಾವಂಚದ ತಟ್ಟಿ. 3×5 ಅಡಿಯವು ಎರಡು, ಗಾಳಿ ಬರುವ ಕಿಟಕಿಗೆ. ಗಂಟೆಗೊಮ್ಮೆ ನೀರು ಚಿಮುಕಿಸಿದರೆ ಗಾಳಿಯೂ ತಂಪು, ವಾಸನೆಯೂ ಹಿತ. ಮೇ ಕೊನೆಗೆ ಕಡಕ್ ಬಿಸಿಲಿನಲ್ಲಿ ಎರಡು ದಿನ ಒಣಗಿಸಿ ಎತ್ತಿಡಿ; ಮಳೆ ಹಿಡಿದ ಮೇಲೂ ಬಿಟ್ಟರೆ ಬೂಷ್ಟು ಬಂದು ವಾಸನೆ ತಿರುಗುತ್ತದೆ.

———

ತುಂಗಾದಂಡೆ:

ಚಳಿಗಾಲಕ್ಕೆ ಗೂಡಿನ ಮೇಲೆ ಹೊಸ ಭತ್ತದ ಕದಿರಿನ ಗೊಂಚಲು ತೂಗುಹಾಕಬಹುದಾ? ಇಲಿ ಬರುತ್ತೆ ಅಂತ ಅಡುಗೆಯವರು ಬೇಡ ಅನ್ನುತ್ತಿದ್ದಾರೆ.

———

ಕುಂಡದ ಮಣ್ಣು:

ಅಡುಗೆಯವರು ಹೇಳಿದ್ದು ಸರಿ, ಇಲಿ ಬರುತ್ತೆ, ಜೊತೆಗೆ ಕಾಳಿನ ಪತಂಗವೂ. ಕದಿರನ್ನು ಚೆನ್ನಾಗಿ ಒಣಗಿಸಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಡೀಪ್ ಫ್ರೀಜರಿನಲ್ಲಿ ನಾಲ್ಕು ದಿನ ಇಡಿ, ಮೊಟ್ಟೆ-ಹುಳ ಸಾಯುತ್ತವೆ. ಹೊರಗೆ ತೆಗೆದ ಮೇಲೆ ಚಳಿ ಬಿಡುವವರೆಗೆ ಚೀಲ ಬಿಚ್ಚಬೇಡಿ, ಬಿಚ್ಚಿದರೆ ಬೆವರು ಕೂತು ತೇವವಾಗುತ್ತದೆ. ಗೋಡೆಗೆ ತಾಗಿಸದೆ ಜಂತೆಯಿಂದ ಎರಡು ಅಡಿ ಉದ್ದದ ತೆಳು ತಂತಿಯಲ್ಲಿ ಇಳಿಬಿಡಿ, ನಡುವೆ ಒಂದು ತಗಡಿನ ಬಿಲ್ಲೆ ಪೋಣಿಸಿ. ಇಲಿ ಅದನ್ನು ದಾಟುವುದಿಲ್ಲ. ಸಂಕ್ರಾಂತಿ ಕಳೆದ ಮೇಲೆ ಇಳಿಸಿ ಹಿತ್ತಲಲ್ಲಿ ಗುಬ್ಬಿಗೆ ಹಾಕಿ.